ಓಡುವ ಎಂಜಿನ್, ಬಾಳುವ ಎಂಜಿನ್

ಪ್ರಶ್ನೆ: ಚಂದ್ರನ ಮೇಲೆ ನೌಕೆ ಇಳಿಸಿದ ದೇಶಕ್ಕೆ ತನ್ನದೇ ಜೆಟ್ ಎಂಜಿನ್ ಮಾಡಿಕೊಳ್ಳಲು ಯಾಕೆ ಆಗುತ್ತಿಲ್ಲ? ತೇಜಸ್‌ಗೆ ಅಮೆರಿಕದ ಎಂಜಿನ್, ಎರಡು ಸೀಟಿನ ತರಬೇತಿ ವಿಮಾನ ಹಂಸಕ್ಕೂ ಆಸ್ಟ್ರಿಯಾದ ಎಂಜಿನ್. ಮೊದಲು ಲಘು ವಿಮಾನದ ಎಂಜಿನ್ ಮಾಡಿ ಕೈ ಪಳಗಿಸಿಕೊಂಡು, ಆಮೇಲೆ ಯುದ್ಧವಿಮಾನದ್ದಕ್ಕೆ ಹೋಗಬಹುದಲ್ಲವೇ? ತೊಡಕು ನಿಜವಾಗಿ ಎಲ್ಲಿದೆ, ಬಿಡಿಸಿ ಹೇಳುವಿರಾ?
(ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ)

ಉತ್ತರ: ರಾಕೆಟ್‌ನಿಂದಲೇ ಶುರು ಮಾಡುತ್ತೇನೆ, ಗೊಂದಲದ ಬೇರು ಅಲ್ಲೇ ಇದೆ. ಇಸ್ರೋದ ಎಲ್‌ವಿಎಂ-3 ರಾಕೆಟ್ಟಿನ ಮೇಲಿನ ಹಂತದಲ್ಲಿರುವ ಸಿಇ-20 ಕ್ರಯೋಜೆನಿಕ್ ಎಂಜಿನ್ ಒಂದು ಉಡಾವಣೆಯಲ್ಲಿ ಉರಿಯುವುದು ಹತ್ತು ಹನ್ನೊಂದು ನಿಮಿಷ. ಅದನ್ನು ಮಾಡಿದ್ದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರನೆಯ ದಿನ ಅದೇ ಎಂಜಿನ್ ಮತ್ತೆ ಉರಿಯಬೇಕಿಲ್ಲ. ಯುದ್ಧವಿಮಾನದ ಎಂಜಿನ್ ಸಾವಿರಾರು ಗಂಟೆ ಬಾಳಬೇಕು. ಒಂದೇ ಹಾರಾಟದಲ್ಲಿ ಪೈಲಟ್ ಶಕ್ತಿ ಏರಿಳಿಸುವ ಥ್ರಾಟಲನ್ನು ಹತ್ತಾರು ಸಲ ತಳ್ಳಿ ಎಳೆಯುತ್ತಾರೆ. ಪ್ರತಿ ಸಲವೂ ಬಿಸಿ ಅನಿಲದಿಂದ ತಿರುಗುವ ಚಕ್ರದ, ಅಂದರೆ ಟರ್ಬೈನಿನ, ಲೋಹ ನೂರಾರು ಡಿಗ್ರಿ ಕಾದು ತಣಿಯುತ್ತದೆ. ಕಾದಾಗ ಹಿಗ್ಗಿ ತಣಿದಾಗ ಕುಗ್ಗುವ ಆ ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುವುದು ಯಾವಾಗ, ಅದು ಬೆಳೆಯುವುದು ಎಷ್ಟು ವೇಗದಲ್ಲಿ, ಯಾವ ಹಂತದಲ್ಲಿ ಆ ಭಾಗವನ್ನು ಕಳಚಿ ಎಸೆಯಬೇಕು ಎಂಬುದು ಮೊದಲೇ ಗೊತ್ತಿರಬೇಕು.

ಎಂಜಿನ್ ಓಡಿಸುವುದು ಭಾರತಕ್ಕೆ ಬರುತ್ತದೆ. ಅದು ಇಷ್ಟು ಗಂಟೆ ಬಾಳುತ್ತದೆ ಎಂದು ಸಾಬೀತುಮಾಡಲು ಬೇಕಾದ ಲೋಹದ ದತ್ತಾಂಶ, ಪರೀಕ್ಷಾ ಸೌಕರ್ಯ, ಒಡೆದು ಕಲಿಯಲು ಸಾಕಷ್ಟು ಎಂಜಿನ್‌ಗಳು, ಈ ಮೂರೂ ಒಟ್ಟಿಗೆ ಒದಗಿ ಬಂದಿಲ್ಲ. ನನ್ನ ಉತ್ತರದ ತಿರುಳು ಇದು. ಉಳಿದದ್ದು ಇದರ ವಿವರ.

ಕಾವೇರಿಯ ಲೆಕ್ಕ

ಜೆಟ್ ಎಂಜಿನ್ ರೂಪಿಸುವ ಡಿಆರ್‌ಡಿಒ ಪ್ರಯೋಗಾಲಯ, ಬೆಂಗಳೂರಿನ ಜಿಟಿಆರ್‌ಇಗೆ, ತೇಜಸ್‌ಗಾಗಿ ಕಾವೇರಿ ಎಂಜಿನ್ ಮಾಡುವ ಯೋಜನೆ ಮಂಜೂರಾದದ್ದು 1989ರಲ್ಲಿ, 382.81 ಕೋಟಿ ರೂಪಾಯಿಗೆ. 1996ರ ಡಿಸೆಂಬರಿಗೆ ಮುಗಿಯಬೇಕಿತ್ತು. ಮೂರು ಹಂತದ ಫ್ಯಾನ್, ಗಾಳಿಯನ್ನು ಒತ್ತುವ ಆರು ಹಂತದ ಅಧಿಕ ಒತ್ತಡದ ಕಂಪ್ರೆಸರ್, ಉಂಗುರಾಕಾರದ ದಹನಕೋಣೆ, ಅಧಿಕ ಒತ್ತಡದ್ದೊಂದು ಕಡಿಮೆ ಒತ್ತಡದ್ದೊಂದು ಟರ್ಬೈನ್ ಹಂತ, ಹಿಂದೆ, ಹೊರಹೋಗುವ ಅನಿಲಕ್ಕೆ ಮತ್ತೆ ಇಂಧನ ಸಿಂಪಡಿಸಿ ಉರಿಸುವ ಆಫ್ಟರ್‌ಬರ್ನರ್. ಇದರ ಒಳಗಿನ ಮೂಲ ಭಾಗಕ್ಕೆ, ಅಂದರೆ ಕೋರ್‌ಗೆ, ಕಬಿನಿ ಎಂದು ಹೆಸರು. ಗುರಿ ಇದ್ದದ್ದು ಆಫ್ಟರ್‌ಬರ್ನರ್ ಇಲ್ಲದೆ 52 ಕಿಲೋನ್ಯೂಟನ್ ನೂಕುಬಲ, ಹಚ್ಚಿದಾಗ 81 ಕಿಲೋನ್ಯೂಟನ್, ತೂಕ 1,100 ಕೆಜಿ. ಮೊದಲನೆಯದಕ್ಕೆ ಬಹುಪಾಲು ತಲುಪಿದರು. ಎರಡನೆಯದು 70ರ ಆಸುಪಾಸಿನಲ್ಲಿ ನಿಂತಿತು. ತೂಕ ಸುಮಾರು 135 ಕೆಜಿ ಹೆಚ್ಚಾಯಿತು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು.

ತೂಕ ಎಷ್ಟು ನಿರ್ಣಾಯಕ ಎಂಬುದಕ್ಕೆ ಫ್ರಾನ್ಸಿನ ರಫಾಲ್‌ನಲ್ಲಿರುವ ಎಂ88 ಎಂಜಿನ್ ನೋಡಿ: 50 ಮತ್ತು 75 ಕಿಲೋನ್ಯೂಟನ್, ತೂಕ ಸುಮಾರು 900 ಕೆಜಿ. ನೂಕುಬಲ ಹತ್ತಿರ ಹತ್ತಿರ ಒಂದೇ, ತೂಕದಲ್ಲಿ ಮುನ್ನೂರು ಕೆಜಿಗೂ ಹೆಚ್ಚು ಅಂತರ. ಈ ಅಂತರ ಹುಟ್ಟುವುದು ಲೋಹದಲ್ಲಿ. ಟರ್ಬೈನ್ ಹೆಚ್ಚು ಬಿಸಿ ತಾಳಿದರೆ ಅದೇ ಗಾಳಿಯಿಂದ ಹೆಚ್ಚು ನೂಕುಬಲ ಬರುತ್ತದೆ, ಎಂಜಿನ್ ಚಿಕ್ಕದಾಗುತ್ತದೆ. ತಾಳದಿದ್ದರೆ ಗಾತ್ರ ಹಿಗ್ಗಿಸಬೇಕು, ಗಾತ್ರದ ಜೊತೆಗೆ ತೂಕವೂ ಏರುತ್ತದೆ.

ಈ ಯೋಜನೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ಸಂಖ್ಯೆ ಬೇರೆ ಇದೆ. ಒಂಬತ್ತು ಪೂರ್ಣ ಎಂಜಿನ್, ನಾಲ್ಕು ಕೋರ್ ಕಟ್ಟಿ ಒಟ್ಟು 3,217 ಗಂಟೆ ಪರೀಕ್ಷೆ ನಡೆಸಲಾಗಿದೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತ್ತು. ಎರಡು ದಶಕ ಮೀರಿದ ಅವಧಿಗೆ ಹಂಚಿದರೆ ವರ್ಷಕ್ಕೆ 160 ಗಂಟೆಯೂ ಬರುವುದಿಲ್ಲ. ಎಂಜಿನ್ ಸಿದ್ಧವಿದ್ದು ಬಿಡಿಭಾಗ ಕೈಗೆ ಸಿಗುವಂತಿದ್ದರೆ ಎಂಜಿನ್ ಬಿಗಿದು ಓಡಿಸುವ ಒಂದೇ ಟೆಸ್ಟ್ ಬೆಡ್ ಈ ವರ್ಷದ ಪಾಲನ್ನು ಕೆಲವೇ ವಾರಗಳಲ್ಲಿ ಮುಗಿಸಬಲ್ಲದು. ಎಂಜಿನಿಯರುಗಳಿಗೆ ಬುದ್ಧಿ ಕಡಿಮೆ ಇತ್ತೆಂದಲ್ಲ. ಒಂದು ಬ್ಲೇಡ್ ಮುರಿದರೆ ಹೊಸ ಜೋಡಣೆಗೆ ತಿಂಗಳುಗಟ್ಟಲೆ ಕಾಯಬೇಕಾದ ಕಡೆ, ಒಂದು ದೋಷ ತಿದ್ದಿ ಮುಂದಿನದನ್ನು ಹುಡುಕುವ ಚಕ್ರ ನಿಧಾನವಾಗಿಯೇ ತಿರುಗುತ್ತದೆ.

ಬಿಸಿ ಭಾಗದ ಕಷ್ಟ

ಟರ್ಬೈನ್ ಬ್ಲೇಡಿನ ಮೇಲೆ ಬೀಳುವ ಭಾರವನ್ನು ನೀವೇ ಲೆಕ್ಕ ಹಾಕಿ. ಬ್ಲೇಡ್ 100 ಗ್ರಾಂ, ಶಾಫ್ಟಿನ ನಡುವಿನಿಂದ 30 ಸೆಂಟಿಮೀಟರ್ ದೂರ, ನಿಮಿಷಕ್ಕೆ 16,000 ಸುತ್ತು. ಕೇಂದ್ರಾಪಗಾಮಿ ಬಲ ಸುಮಾರು 84 ಕಿಲೋನ್ಯೂಟನ್, ಅಂದರೆ ಎಂಟೂವರೆ ಟನ್. ಅಂಗೈಯಲ್ಲಿ ಹಿಡಿಯುವಷ್ಟು ಲೋಹ ಅದನ್ನು ಹೊರಬೇಕು. ಹೊರುವಾಗ ಸುತ್ತಲಿನ ಅನಿಲ 1,400 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ನಿಕ್ಕಲ್ ಮಿಶ್ರಲೋಹವೋ 1,300ರಿಂದ 1,350 ಡಿಗ್ರಿಗೇ ಕರಗಲು ಶುರು. ಹಾಗಾಗಿ ಕಂಪ್ರೆಸರಿನಿಂದ ಗಾಳಿ ಕದ್ದು ಬ್ಲೇಡಿನ ಒಳಗಿನ ಕಾಲುವೆಗಳಲ್ಲಿ ಹರಿಸಿ, ಅರ್ಧ ಮಿಲಿಮೀಟರ್ ಆಸುಪಾಸಿನ ರಂಧ್ರಗಳಿಂದ ಹೊರಬಿಟ್ಟು, ಮೇಲ್ಮೈಗೆ ತಣ್ಣನೆಯ ಗಾಳಿಯ ಪದರ ಹೊದಿಸುತ್ತಾರೆ. ಅದರ ಮೇಲೆ ಜಿರ್ಕೋನಿಯಾದ ತೆಳು ಲೇಪ. ಕದ್ದ ಪ್ರತಿ ಕಿಲೋ ಗಾಳಿಯೂ ನೂಕುಬಲದಲ್ಲಿ ಖೋತಾ.

ಬಿಸಿ ಲೋಹ ಭಾರದಲ್ಲಿ ನಿಧಾನವಾಗಿ ಉದ್ದವಾಗುತ್ತ ಹೋಗುವುದಕ್ಕೆ ಕ್ರೀಪ್ ಎನ್ನುತ್ತಾರೆ. ಲೋಹದ ಉಷ್ಣತೆ 10ರಿಂದ 15 ಡಿಗ್ರಿ ಹೆಚ್ಚಾದರೆ ಕ್ರೀಪ್ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿನ್ಯಾಸಕಾರರ ಕೈಲೆಕ್ಕ. ದಹನಕೋಣೆಯಿಂದ ಬರುವ ಅನಿಲ ಎಲ್ಲೆಡೆ ಸಮವಾಗಿ ಬಿಸಿ ಇರುವುದಿಲ್ಲ. ಒಂದು ಇಂಧನ ನಳಿಕೆಗೆ ಕಿಟ್ಟ ಕಟ್ಟಿ ಸಿಂಪರಣೆ ಓರೆಯಾದರೂ ಸಾಕು, ಅದರ ಎದುರಿನ ವೇನ್‌ನಲ್ಲಿ, ಅಂದರೆ ಅನಿಲಕ್ಕೆ ದಿಕ್ಕು ಕೊಡುವ ನಿಶ್ಚಲ ರೆಕ್ಕೆಯಲ್ಲಿ, ಬಿಸಿಗೆರೆ ಬಿದ್ದು ಸುಟ್ಟುಹೋಗುತ್ತದೆ.

ಅಂಥ ಬ್ಲೇಡ್ ಮಾಡುವುದು ಹೇಗೆಂದರೆ, ಮೊದಲು ಒಳಗಿನ ಕಾಲುವೆಗಳ ಆಕಾರದಲ್ಲಿ ಸೆರಾಮಿಕ್ ತಿರುಳು. ಅದರ ಸುತ್ತ ಮೇಣ, ಮೇಣದ ಸುತ್ತ ಪದರ ಪದರವಾಗಿ ಸೆರಾಮಿಕ್ ಚಿಪ್ಪು. ಮೇಣ ಕರಗಿಸಿ ತೆಗೆದು, ಚಿಪ್ಪನ್ನು ಸುಟ್ಟು ಗಟ್ಟಿಮಾಡಿ, ನಿರ್ವಾತ ಕುಲುಮೆಯಲ್ಲಿ ಮಿಶ್ರಲೋಹ ಹೊಯ್ಯುತ್ತಾರೆ. ಆಮೇಲೆ ಅಚ್ಚನ್ನು ಬಿಸಿ ವಲಯದಿಂದ ತಣ್ಣನೆಯ ವಲಯಕ್ಕೆ ನಿಮಿಷಕ್ಕೆ ಕೆಲವೇ ಮಿಲಿಮೀಟರ್‌ನಂತೆ ಇಳಿಸಬೇಕು. ಅಚ್ಚಿನ ಬುಡದಲ್ಲಿ ಹಂದಿಯ ಬಾಲದಂತೆ ಸುರುಳಿಯಾದ ಕಿರಿದಾದ ದಾರಿ ಇರುತ್ತದೆ. ಅನೇಕ ಹರಳುಗಳು ಬೆಳೆಯಲು ಪೈಪೋಟಿ ನಡೆಸಿ, ಆ ದಾರಿ ದಾಟುವುದು ಒಂದು ಮಾತ್ರ. ಇಡೀ ಬ್ಲೇಡ್ ಆ ಒಂದೇ ಹರಳಿನಿಂದ ಬೆಳೆಯುತ್ತದೆ. ಹರಳುಗಳ ನಡುವಿನ ಗಡಿಯೇ ಇಲ್ಲದ್ದರಿಂದ ಕ್ರೀಪ್‌ನಲ್ಲಿ ಬಿರುಕು ಹುಟ್ಟಲು ಸುಲಭದ ಜಾಗವೂ ಇರುವುದಿಲ್ಲ. ನಂತರ 1,300 ಡಿಗ್ರಿ ಹತ್ತಿರ ಗಂಟೆಗಟ್ಟಲೆ ಉಷ್ಣೋಪಚಾರ, ಒತ್ತಡದ ಪಾತ್ರೆಯಲ್ಲಿ ಕಾಸ್ಟಿಕ್ ಸೋಡಾದಿಂದ ತಿರುಳು ಕರಗಿಸುವುದು, ರಂಧ್ರ ಕೊರೆಯುವುದು, ಲೇಪ.

ಕೆಡುವುದು ಎಲ್ಲಿ? ಮೇಣ ಇಲ್ಲವೇ ಲೋಹ ಹೊಯ್ಯುವಾಗ ತಿರುಳು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಸರಿದರೂ ಒಂದು ಕಡೆಯ ಗೋಡೆ ತೆಳುವಾಗಿ ಅಲ್ಲಿ ಬಿಸಿ ನಿಲ್ಲುತ್ತದೆ. ಅಚ್ಚನ್ನು ಇಳಿಸುವ ವೇಗಕ್ಕೂ ಕುಲುಮೆಯ ಉಷ್ಣತೆಯ ಇಳಿಜಾರಿಗೂ ಹೊಂದಿಕೆ ತಪ್ಪಿದರೆ ಬ್ಲೇಡಿನ ಬುಡದ ಚಾಚಿನಲ್ಲಿ ಬೇಡದ ಹರಳು ಹುಟ್ಟುತ್ತದೆ, ಅಥವಾ ಮೇಲ್ಮೈಯಲ್ಲಿ ಚುಕ್ಕೆಗಳ ಸಾಲು ಬೀಳುತ್ತದೆ. ಚಿಪ್ಪು ಒಡೆದು ಬ್ಲೇಡ್ ಹೊರತೆಗೆಯುವಾಗ ತಗಲಿದ ಸಣ್ಣ ತಗ್ಗು, ಉಷ್ಣೋಪಚಾರದಲ್ಲಿ ಮರುಹರಳಾಗಿ ಆ ಬ್ಲೇಡನ್ನೇ ತಿಪ್ಪೆಗೆ ಕಳಿಸುತ್ತದೆ. ಹರಳಿನ ದಿಕ್ಕು ಬ್ಲೇಡಿನ ಉದ್ದಕ್ಕಿಂತ 10-15 ಡಿಗ್ರಿ ಓರೆಯಾದರೆ ತಿರಸ್ಕಾರ. ಇವು ಯಾವುವೂ ನಕ್ಷೆಯಲ್ಲಿ ಬರೆದಿರುವುದಿಲ್ಲ. ಆ ಕುಲುಮೆ, ಆ ಚಿಪ್ಪಿನ ಮಿಶ್ರಣ, ಆ ಆಕಾರ, ಈ ಮೂರಕ್ಕೇ ಒಗ್ಗುವ ಹದವನ್ನು ಎರಕದ ಮೇಲೆ ಎರಕ ಹೊಯ್ದು ಕಂಡುಕೊಳ್ಳಬೇಕು.

ಈ ಹದ ಭಾರತದಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ 2021ರಲ್ಲಿ ಏಕಹರಳಿನ 60 ಟರ್ಬೈನ್ ಬ್ಲೇಡ್‌ಗಳನ್ನು ಹೆಲಿಕಾಪ್ಟರ್ ಎಂಜಿನ್‌ಗಾಗಿ ಎಚ್‌ಎಎಲ್‌ಗೆ ಕೊಟ್ಟಿತು. ಒಟ್ಟು ಐದು ಸೆಟ್, 300 ಬ್ಲೇಡ್ ಮಾಡುವ ಯೋಜನೆಯ ಭಾಗ ಅದು. ಅದೇ ವರ್ಷ 2,000 ಟನ್ನಿನ ಒತ್ತುಯಂತ್ರದಲ್ಲಿ ಜಾಗ್ವಾರ್ ವಿಮಾನದ ಅಡೋರ್ ಎಂಜಿನ್ನಿನ ಕಂಪ್ರೆಸರಿನ ಐದೂ ಹಂತದ, ಬ್ಲೇಡ್‌ಗಳು ಕೂರುವ ಟೈಟಾನಿಯಂ ಡಿಸ್ಕ್‌ಗಳನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತೋರಿಸಿದರು. ಮಿಶ್ರಲೋಹಕ್ಕೆ ಸರ್ಕಾರಿ ಕಾರ್ಖಾನೆ ಮಿಧಾನಿ ಇದೆ. ಇನ್ನು ಆಗಬೇಕಾದ್ದು ಪ್ರಯೋಗಾಲಯದ 60 ಬ್ಲೇಡ್‌ಗಳಿಂದ ಕಾರ್ಖಾನೆಯ ಸಾವಿರಾರು ಬ್ಲೇಡ್‌ಗಳ ಕಡೆಗಿನ ದಾಟು. ಯುದ್ಧವಿಮಾನದ ದೊಡ್ಡ ಬ್ಲೇಡ್‌ಗೆ, ದೊಡ್ಡ ನಿಕ್ಕಲ್ ಡಿಸ್ಕ್‌ಗೆ ಅದೇ ಹಿಡಿತ ಬರಬೇಕು. ಡಿಸ್ಕ್ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಬ್ಲೇಡ್ ಮುರಿದರೆ ಹೊರಕವಚ ತಡೆಯುತ್ತದೆ, ಡಿಸ್ಕ್ ಸೀಳಿದರೆ ಯಾವ ಕವಚವೂ ತಡೆಯಲಾರದು. ಆದ್ದರಿಂದ ಪ್ರತಿ ಡಿಸ್ಕ್‌ಗೂ ಅದು ಯಾವ ಲೋಹದ ಗಟ್ಟಿಯಿಂದ ಬಂತು ಎಂಬುದರಿಂದ ಹಿಡಿದು ಎಷ್ಟು ಆವರ್ತನ ಓಡಿತು ಎಂಬವರೆಗೆ ಜಾತಕ ಇಡಬೇಕು.

ನಡುಕ, ಉಸಿರುಗಟ್ಟು, ಕಿರುಚು

ಬಿಸಿಯಷ್ಟೇ ಅಪಾಯದ್ದು ಕಂಪನ. ಪ್ರತಿ ಬ್ಲೇಡಿಗೂ ತನ್ನದೇ ಸಹಜ ಕಂಪನಾಂಕಗಳಿರುತ್ತವೆ. ಎದುರಿನ ವೇನ್‌ಗಳ ಸಂಖ್ಯೆಯನ್ನು ಸುತ್ತಿನ ವೇಗದಿಂದ ಗುಣಿಸಿದ ಸಂಖ್ಯೆ ಅದಕ್ಕೆ ತಾಳೆಯಾದ ವೇಗದಲ್ಲಿ ನಿಂತರೆ ಬ್ಲೇಡ್ ನಿಮಿಷಗಳಲ್ಲಿ ದಣಿದು ಮುರಿಯಬಹುದು. ಇದನ್ನು ಕ್ಯಾಂಪ್‌ಬೆಲ್ ನಕ್ಷೆಯಲ್ಲಿ ಗೆರೆ ಎಳೆದು ನೋಡುತ್ತಾರೆ. ಗೆರೆಗಳು ಕೂಡುವ ವೇಗಗಳು ಎಂಜಿನ್ ಹೆಚ್ಚು ಹೊತ್ತು ನಿಲ್ಲುವ ವೇಗಗಳಿಂದ ದೂರವಿರಬೇಕು. ಲೆಕ್ಕ ಸರಿಯೋ ಎಂದು ತಿಳಿಯಲು ಬ್ಲೇಡಿಗೆ ಲೋಹದ ಹಿಗ್ಗುಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ, ತಿರುಗುವ ಶಾಫ್ಟಿನಿಂದ ರೇಡಿಯೊ ಮೂಲಕ ಸಂಕೇತ ತರಿಸಬೇಕು. ಬಿಸಿ ಭಾಗದಲ್ಲಿ ಗೇಜುಗಳು ಬೇಗ ಸಾಯುತ್ತವೆ. ಇಪ್ಪತ್ತು ಅಂಟಿಸಿದರೆ ನಾಲ್ಕೈದು ಉಳಿದು ಮಾಹಿತಿ ಕೊಟ್ಟರೂ ಪರೀಕ್ಷೆ ಸಾರ್ಥಕ.

ಕಂಪ್ರೆಸರಿನ ತೊಂದರೆ ಸರ್ಜ್. ಒಳಬರುವ ಗಾಳಿ ಕದಡಿದ್ದಾಗ, ವಿಮಾನ ಮೂತಿ ಎತ್ತಿ ತಿರುಗಿದಾಗ, ಇಲ್ಲವೇ ಪೈಲಟ್ ಥ್ರಾಟಲ್ ಒಮ್ಮೆಗೇ ತಳ್ಳಿದಾಗ ಬ್ಲೇಡ್‌ಗಳು ಗಾಳಿಯ ಹಿಡಿತ ಕಳೆದುಕೊಂಡು ಒತ್ತಡದ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಅದಕ್ಕೆ ಶೇ. 15-20ರಷ್ಟು ಅಂಚು ಬಿಟ್ಟು ವಿನ್ಯಾಸ ಮಾಡುತ್ತಾರೆ, ವೇನ್‌ಗಳ ಕೋನ ಬದಲಿಸುತ್ತಾರೆ. ಬ್ಲೇಡ್ ತುದಿಗೂ ಕವಚಕ್ಕೂ ನಡುವಿನ ಸಂದು ಸವೆದು ದೊಡ್ಡದಾದಂತೆ ಈ ಅಂಚು ಕರಗುತ್ತದೆ. ಹೊಸ ಎಂಜಿನ್ ಪಾಸಾದ ಪರೀಕ್ಷೆಯಲ್ಲಿ 500 ಗಂಟೆ ಓಡಿದ ಎಂಜಿನ್ ಫೇಲಾಗುವುದು ಹೀಗೆ.

ಆಫ್ಟರ್‌ಬರ್ನರಿನಲ್ಲಿ ಬೆಂಕಿಯೂ ಶಬ್ದದ ಅಲೆಯೂ ಪರಸ್ಪರ ಎತ್ತಿಕಟ್ಟಿಕೊಂಡು ಸಾವಿರ ಹರ್ಟ್ಸ್‌ಗೂ ಮೇಲಿನ ಕಿರುಚಾಟ ಹುಟ್ಟಿಸುತ್ತವೆ. ತಡೆಯದಿದ್ದರೆ ಒಳಗವಚ ಸೆಕೆಂಡುಗಳಲ್ಲಿ ಹರಿದುಹೋಗುತ್ತದೆ. ಲೆಕ್ಕ ಹಾಕಿ ಕೊರೆದ ರಂಧ್ರಗಳಿರುವ ಒಳಗವಚ ಆ ಅಲೆಯನ್ನು ಹೀರಿಕೊಳ್ಳುತ್ತದೆ. ಇಂಧನ ಸಿಂಪಡಿಸುವ ಉಂಗುರಗಳ ಜಾಗವನ್ನು ಸರಿಸಿ ಸರಿಸಿ ನೋಡುವುದು ಇನ್ನೊಂದು ದಾರಿ.

ಎತ್ತರದ ಪರೀಕ್ಷೆಗೆ ಪರದೇಶ

ನೆಲದ ಟೆಸ್ಟ್ ಬೆಡ್‌ನಲ್ಲಿ ಗೊತ್ತಾಗದ ಸಂಗತಿಗಳು ಬಹಳ. 12 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಐದನೇ ಒಂದು ಭಾಗ, ಉಷ್ಣತೆ ಮೈನಸ್ 56 ಡಿಗ್ರಿ. ಅಲ್ಲಿ ಎಂಜಿನ್ ಆರಿದರೆ ಮತ್ತೆ ಹೊತ್ತುತ್ತದೆಯೇ, ಆಫ್ಟರ್‌ಬರ್ನರ್ ಹಿಡಿಯುತ್ತದೆಯೇ, ತೈಲ ಸರಿಯಾಗಿ ವಾಪಸು ಬರುತ್ತದೆಯೇ ಎಂದು ನೋಡಲು ಆ ಗಾಳಿಯನ್ನು ನೆಲದ ಮೇಲೇ ಸೃಷ್ಟಿಸುವ ಕೋಣೆ ಬೇಕು. ಕಾವೇರಿ ಗಾತ್ರದ ಎಂಜಿನ್ ಸೆಕೆಂಡಿಗೆ 78 ಕೆಜಿಯಷ್ಟು ಗಾಳಿ ನುಂಗುತ್ತದೆ. ಅಷ್ಟನ್ನು ತಣಿಸಿ ಒಳಗೆ ಬಿಡುವುದಕ್ಕೂ, ಬಿಸಿ ಹೊಗೆಯನ್ನು ಹೊರಗೆ ಎಳೆದು ಕೋಣೆಯ ಒತ್ತಡ ಕೆಳಗಿಡುವುದಕ್ಕೂ ಹತ್ತಾರು ಮೆಗಾವಾಟ್ ವಿದ್ಯುತ್ತಿನ ಯಂತ್ರಗಳು ಬೇಕಾಗುತ್ತವೆ.

ದೊಡ್ಡ ಎಂಜಿನ್‌ಗಳಿಗೆ ಅಂಥ ಕೋಣೆ ಇಲ್ಲಿಲ್ಲದ ಕಾರಣ ಕಾವೇರಿ ರಷ್ಯಾಕ್ಕೆ ಹೋಯಿತು. ಹಾರುವ ಪರೀಕ್ಷೆಯೂ ಅಲ್ಲೇ. ಇಲ್ಯೂಷಿನ್-76ರ ನಾಲ್ಕು ಎಂಜಿನ್‌ಗಳಲ್ಲಿ ಒಂದನ್ನು ತೆಗೆದು ಕಾವೇರಿ ಕೂರಿಸಿ 2010ರ ನವೆಂಬರ್ 3ರಂದು ಮೊದಲ ಸಲ ಹಾರಿಸಿದರು. ಒಂದು ಎಂಜಿನ್ನಿನ ಯುದ್ಧವಿಮಾನಕ್ಕೆ ಹೊಸ ಎಂಜಿನ್ನನ್ನು ನೇರ ಹಾಕಲಾಗದು, ಈ ನಡುವಿನ ಮೆಟ್ಟಿಲು ಬೇಕೇ ಬೇಕು. ಪರೀಕ್ಷೆ ಪರದೇಶದಲ್ಲಿ ನಡೆದಾಗ ಏನಾಗುತ್ತದೆ ಯೋಚಿಸಿ. ಅವರ ವೇಳಾಪಟ್ಟಿಯಲ್ಲಿ ಜಾಗ ಸಿಗುವವರೆಗೆ ಕಾಯಬೇಕು, ಎಂಜಿನ್ ಹಡಗು ಹತ್ತಬೇಕು, ದೋಷ ಕಂಡರೆ ವಾಪಸು ತಂದು ಬಿಚ್ಚಿ ತಿದ್ದಿ ಮತ್ತೆ ಸರದಿ ಹಿಡಿಯಬೇಕು. ವಾರದಲ್ಲಿ ಮುಗಿಯುವ ತಿದ್ದುಪಡಿಗೆ ವರ್ಷ ಹಿಡಿಯುತ್ತದೆ. ಯಾವ ಹೊಸ ಎಂಜಿನ್ನಿಗಿಂತಲೂ ಮೊದಲು ದೇಶ ಹಣ ಹಾಕಬೇಕಾದ್ದು ಎತ್ತರದ ಪರೀಕ್ಷಾ ಕೋಣೆಗೆ ಮತ್ತು ಹಾರುವ ಟೆಸ್ಟ್ ಬೆಡ್‌ಗೆ ಎಂದು ನಾನು ಒತ್ತಿ ಹೇಳುತ್ತೇನೆ. ಎಂಜಿನ್ ಯೋಜನೆ ಸೋತರೂ ಇವು ಉಳಿಯುತ್ತವೆ.

ಲಘು ವಿಮಾನದ ಎಂಜಿನ್

ಈಗ ನಿಮ್ಮ ಎರಡನೇ ಪ್ರಶ್ನೆ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಹಂಸ-3ಕ್ಕೆ ಆಸ್ಟ್ರಿಯಾದ ರೋಟ್ಯಾಕ್ಸ್ 914, 2021ರಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಗೆ ರೋಟ್ಯಾಕ್ಸ್ 912 ಐಎಸ್. ನೂರು ಅಶ್ವಶಕ್ತಿಯ ಎಂಜಿನ್ ಮಾಡಲು ದೇಶಕ್ಕೆ ಬರದೇ ಇರುತ್ತದೆಯೇ, ಲಕ್ಷಗಟ್ಟಲೆ ಕಾರಿನ ಎಂಜಿನ್ ಇಲ್ಲೇ ಆಗುತ್ತವಲ್ಲ ಎಂದು ಅನ್ನಿಸುವುದು ಸಹಜ. ಆದರೆ ಕಾರಿನ ಎಂಜಿನ್ ಹೆದ್ದಾರಿಯಲ್ಲೂ ಗರಿಷ್ಠ ಶಕ್ತಿಯ ಕಾಲುಭಾಗದ ಆಸುಪಾಸಿನಲ್ಲೇ ಇರುತ್ತದೆ. ವಿಮಾನದ್ದು ಟೇಕಾಫ್‌ನಲ್ಲಿ ಪೂರ್ಣ ಶಕ್ತಿ, ಆಮೇಲೆ ಗಂಟೆಗಟ್ಟಲೆ ಶೇ. 65ರಿಂದ 75. ಕಾರಿನದನ್ನು ತಂದು ಪ್ರೊಪೆಲರ್ ಕಟ್ಟಿದರೆ ಮೊದಲು ಸೋಲುವುದು ತಣಿಸುವ ವ್ಯವಸ್ಥೆ ಮತ್ತು ಹೆಡ್ ಗ್ಯಾಸ್ಕೆಟ್, ಆಮೇಲೆ ಗೇರ್‌ಬಾಕ್ಸ್.

ಗೇರ್‌ಬಾಕ್ಸ್ ಯಾಕೆ? ಪ್ರೊಪೆಲರ್ ತುದಿ ಶಬ್ದದ ವೇಗ ಮುಟ್ಟಬಾರದು, ಆದ್ದರಿಂದ ಅದು ಸುಮಾರು 2,500 ಸುತ್ತಿನಲ್ಲೇ ತಿರುಗಬೇಕು. ಇಲ್ಲಿ ಎರಡು ದಾರಿ. ಲೈಕಾಮಿಂಗ್ ಒ-360 ದೊಡ್ಡ ಸಿಲಿಂಡರುಗಳ 5.9 ಲೀಟರ್ ಎಂಜಿನ್. 2,700 ಸುತ್ತಿನಲ್ಲಿ 180 ಅಶ್ವಶಕ್ತಿ, ಗೇರ್ ಇಲ್ಲ. ರೋಟ್ಯಾಕ್ಸ್ 912 ಯುಎಲ್‌ಎಸ್ 1.35 ಲೀಟರಿನದು. 5,800 ಸುತ್ತಿನಲ್ಲಿ 100 ಅಶ್ವಶಕ್ತಿ, 2.43ಕ್ಕೆ 1ರ ಗೇರ್. ಎರಡನೆಯದು ಹಗುರ, ಆದರೆ ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಸಲ ಒದೆಯುತ್ತದೆ. 5,500 ಸುತ್ತಿನಲ್ಲಿ ಅದು 183 ಹರ್ಟ್ಸ್. ಕ್ರ್ಯಾಂಕ್‌ಶಾಫ್ಟ್, ಗೇರ್, ಪ್ರೊಪೆಲರ್ ಸೇರಿದ ಇಡೀ ಸರಪಳಿಯ ತಿರುಚು ಕಂಪನ ಅದರೊಂದಿಗೆ ತಾಳೆಯಾದರೆ ಹಲ್ಲುಗಳು ಪರಸ್ಪರ ಬಡಿದುಕೊಂಡು ಸವೆಯುತ್ತವೆ, ಇಲ್ಲವೇ ಶಾಫ್ಟ್ ಮುರಿಯುತ್ತದೆ. ಅದಕ್ಕೇ ನಡುವೆ ಸ್ಪ್ರಿಂಗಿನ ಜೋಡಣೆ. ಪ್ರೊಪೆಲರ್ ಬದಲಿಸಿದಾಗೆಲ್ಲ ಈ ಪರೀಕ್ಷೆ ಹೊಸದಾಗಿ ನಡೆಯಬೇಕು. ಮರದ ಪ್ರೊಪೆಲರಿನಲ್ಲಿ ಚೆನ್ನಾಗಿ ಓಡಿದ ಎಂಜಿನ್, ಭಾರದ ಲೋಹದ್ದು ಹಾಕಿದೊಡನೆ ತೊಂದರೆ ಕೊಡುವುದುಂಟು.

ಉಳಿದ ಭಾಗಗಳಲ್ಲಿ ಭಾರತದ ಕಾರ್ಖಾನೆಗಳಿಗೆ ಹೊಸದೇನಿಲ್ಲ. ಶಾಖೋಪಚರಿಸಿದ ಅಲ್ಯೂಮಿನಿಯಂ ಎರಕದ ಕ್ರ್ಯಾಂಕ್‌ಕೇಸ್, ಬಡಿದು ರೂಪಿಸಿ, ಮೇಲ್ಮೈ ಗಟ್ಟಿಯಾಗಲು ನೈಟ್ರೈಡ್ ಮಾಡಿದ ಉಕ್ಕಿನ ಕ್ರ್ಯಾಂಕ್‌ಶಾಫ್ಟ್, ನಿಕ್ಕಲ್-ಸಿಲಿಕಾನ್ ಲೇಪದ ಸಿಲಿಂಡರ್, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಇಗ್ನಿಷನ್ ಸರ್ಕ್ಯೂಟ್. ಎಲ್ಲಿ ಎಡವುತ್ತಾರೆ ಎಂದರೆ, ಭಾಗ ಮಾಡುವಲ್ಲಿ ಅಲ್ಲ, ಪ್ರತಿ ಭಾಗವೂ ಹಿಂದಿನದರಂತೆಯೇ ಇದೆ ಎಂದು ದಾಖಲೆಯಿಂದ ತೋರಿಸುವಲ್ಲಿ. ಪ್ರಮಾಣಪತ್ರಕ್ಕೆ 150 ಗಂಟೆಯ ಸಹಿಷ್ಣುತೆ ಪರೀಕ್ಷೆ ಇದೆ. ಅದರಲ್ಲಿ 30 ಗಂಟೆ, ಐದು ನಿಮಿಷ ಟೇಕಾಫ್ ಶಕ್ತಿ, ಐದು ನಿಮಿಷ ಕ್ರೂಸ್ ಶಕ್ತಿ ಎಂದು ಅದಲುಬದಲಾಗಿ ಓಡಿಸುತ್ತಾರೆ. ಉಳಿದದ್ದು 20 ಗಂಟೆಯ ಆರು ಕಂತು, ಬೇರೆ ಬೇರೆ ಶಕ್ತಿಯಲ್ಲಿ. ಮುಗಿದ ಮೇಲೆ ತುಂಡು ತುಂಡಾಗಿ ಬಿಚ್ಚಿ ಅಳೆಯುತ್ತಾರೆ. ನನ್ನ ಸಲಹೆ ಏನೆಂದರೆ, ಅಧಿಕೃತ ಪರೀಕ್ಷೆಗೆ ಹೋಗುವ ಮೊದಲು ಇದೇ ಪಟ್ಟಿಯನ್ನು ಕನಿಷ್ಠ ಎರಡು ಎಂಜಿನ್‌ಗಳ ಮೇಲೆ ಮನೆಯಲ್ಲೇ ಓಡಿಸಿ ಬಿಚ್ಚಿ ನೋಡಬೇಕು. ಎಕ್ಸಾಸ್ಟ್ ವಾಲ್ವ್ ಗೈಡಿನ ಸವೆತ, ಪಿಸ್ಟನ್ ಉಂಗುರಗಳು ಕೂರುವ ತೋಡಿನಲ್ಲಿ ಕಿಟ್ಟ, ಕ್ರ್ಯಾಂಕ್‌ಕೇಸ್ ಬೋಲ್ಟುಗಳ ಹತ್ತಿರ ಉಜ್ಜಿದ ಗುರುತು, ಇವೇ ಮೊದಲು ಕಾಣಿಸುವ ದೋಷಗಳು.

ಇಂಧನದ ವಿಷಯವನ್ನು ಯೋಜನೆಯ ಮೊದಲ ದಿನವೇ ತೀರ್ಮಾನಿಸಬೇಕು. ಸೀಸ ಬೆರೆತ ವಿಮಾನದ ಪೆಟ್ರೋಲ್ ಆವ್‌ಗ್ಯಾಸ್ 100 ಎಲ್‌ಎಲ್ ಅನ್ನು ಇಂಡಿಯನ್ ಆಯಿಲ್ 2022ರಲ್ಲಿ ಗುಜರಾತಿನ ಸಂಸ್ಕರಣಾಗಾರದಲ್ಲಿ ತಯಾರಿಸತೊಡಗಿತು, ಅದಕ್ಕೆ ಮೊದಲು ಆಮದೇ ಗತಿ. ಬಂಕಿನ ಪೆಟ್ರೋಲ್ ಹಾಕೋಣವೆಂದರೆ ಅದರಲ್ಲಿ ಈಗ ಶೇ. 20 ಎಥನಾಲ್, ರೋಟ್ಯಾಕ್ಸ್ 912ಕ್ಕೆ ತಯಾರಕರ ಒಪ್ಪಿಗೆ ಇರುವುದು ಶೇ. 10ರ ತನಕ. ಎಥನಾಲ್ ನೀರು ಹೀರುತ್ತದೆ, ಕೆಲವು ಬಗೆಯ ರಬ್ಬರ್ ಮತ್ತು ಟ್ಯಾಂಕಿನ ರಾಳವನ್ನು ಊದಿಸುತ್ತದೆ. ಬಿಸಿಲಿನಲ್ಲಿ ನಿಂತ ವಿಮಾನದ ಇಂಧನ ನಳಿಕೆಯಲ್ಲಿ ಆವಿ ಕಟ್ಟಿ ಟೇಕಾಫ್ ಹೊತ್ತಿಗೆ ಎಂಜಿನ್ ತಡವರಿಸುವ ಅಪಾಯವೂ ಇದೆ. ಶೇ. 20 ಎಥನಾಲಿಗೇ ಒಗ್ಗುವಂತೆ ಪಂಪು, ಸೀಲು, ಇಂಜೆಕ್ಟರ್ ಎಲ್ಲವನ್ನೂ ಮೊದಲಿನಿಂದ ವಿನ್ಯಾಸ ಮಾಡಿದ ನೂರು-ನೂರಿಪ್ಪತ್ತು ಅಶ್ವಶಕ್ತಿಯ ಎಂಜಿನ್ ಇಲ್ಲಿನ ತರಬೇತಿ ಶಾಲೆಗಳಿಗೆ ಹೊರಗಿನ ಯಾವ ಎಂಜಿನ್ನಿಗಿಂತ ಹೆಚ್ಚು ಒದಗುತ್ತದೆ. ಜೆಟ್ ಇಂಧನದಲ್ಲಿ ಓಡುವ ಡೀಸೆಲ್ ಬಗೆಯದು ಇನ್ನೊಂದು ಆಯ್ಕೆ. ಆ ಇಂಧನ ಎಲ್ಲ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಆದರೆ ಸಿಲಿಂಡರಿನ ಒತ್ತಡ ಹೆಚ್ಚು, ತಿರುಚು ಹೊಡೆತ ಹೆಚ್ಚು, ತೂಕ ಹೆಚ್ಚು: 168 ಅಶ್ವಶಕ್ತಿಯ ಆಸ್ಟ್ರೊ ಎಇ300 ಸುಮಾರು 185 ಕೆಜಿ ತೂಗುತ್ತದೆ. ಎರಡು ಸೀಟಿನ ವಿಮಾನಕ್ಕೆ ಅದು ಹೊರೆ.

ಈ ದಾರಿಯಲ್ಲಿ ಒಂದು ಒಳ್ಳೆಯ ಹೆಜ್ಜೆ ಆಗಲೇ ಇಟ್ಟಾಗಿದೆ. ಎನ್‌ಎಎಲ್ ಮತ್ತು ಡಿಆರ್‌ಡಿಒದ ಎರಡು ಪ್ರಯೋಗಾಲಯಗಳಾದ ಅಹಮದ್‌ನಗರದ ವಿಆರ್‌ಡಿಇ, ಬೆಂಗಳೂರಿನ ಎಡಿಇ ಸೇರಿ, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್ ಮಾಡಿ 2009ರಲ್ಲಿ ಕೋಲಾರದ ಬಳಿ ನಿಶಾಂತ್ ಡ್ರೋನನ್ನು ಹಾರಿಸಿದರು. ವ್ಯಾಂಕೆಲ್‌ನ ಬಲಹೀನತೆ ರೋಟರಿನ ಮೂಲೆಯ ಸೀಲುಗಳ ಸವೆತ ಮತ್ತು ಹೆಚ್ಚಿನ ಇಂಧನ ಬಳಕೆ. ಮನುಷ್ಯರು ಕೂರದ, ಕಡಿಮೆ ಗಂಟೆ ಹಾರುವ ಡ್ರೋನಿಗೆ ಅದು ಸಲ್ಲುತ್ತದೆ.

ಸಣ್ಣದು ದೊಡ್ಡದಕ್ಕೆ ಶಾಲೆಯೇ?

ಅರ್ಧ ಹೌದು. ಪಿಸ್ಟನ್ ಎಂಜಿನ್ ಮಾಡಿದವರಿಗೆ ಪ್ರಮಾಣೀಕರಣದ ಶಿಸ್ತು ಬರುತ್ತದೆ, ಕಂಪನದ ಲೆಕ್ಕ ಬರುತ್ತದೆ, ಪೂರೈಕೆದಾರರ ಒಂದು ಬಳಗ ಹುಟ್ಟುತ್ತದೆ. ಏಕಹರಳಿನ ಬ್ಲೇಡ್ ಬರುವುದಿಲ್ಲ. ಜೆಟ್‌ಗೆ ಶಾಲೆ ಸಣ್ಣ ಜೆಟ್ ಎಂಜಿನ್ನೇ. ಎಚ್‌ಎಎಲ್ ಚಾಲಕರಹಿತ ಗುರಿವಿಮಾನ ಲಕ್ಷ್ಯಕ್ಕೆ ಪಿಟಿಎಇ-7 ಎಂಬ ಸಣ್ಣ ಜೆಟ್ ಎಂಜಿನ್ ಮಾಡಿದೆ. ಜಿಟಿಆರ್‌ಇ ಮಾಡಿದ ಮಾಣಿಕ್ ಎಂಬ ಪುಟ್ಟ ಟರ್ಬೋಫ್ಯಾನ್ 2024ರ ಏಪ್ರಿಲ್‌ನಲ್ಲಿ ಚಾಂದೀಪುರದಿಂದ ಕ್ರೂಸ್ ಕ್ಷಿಪಣಿಯನ್ನು ಹಾರಿಸಿತು. ಇದೇ ಬಗೆಯ ನಿರ್ಭಯ್ ಕ್ಷಿಪಣಿಯ ಮೊದಮೊದಲ ಪರೀಕ್ಷೆಗಳಲ್ಲಿ ರಷ್ಯಾದ ಎಂಜಿನ್ ಬಳಕೆಯಲ್ಲಿತ್ತು. ಇವು ಕಡಿಮೆ ಹೊತ್ತು ಓಡುವ ಎಂಜಿನ್‌ಗಳಾದ್ದರಿಂದ ಬಾಳಿಕೆಯ ಪಾಠ ಕಲಿಸುವುದಿಲ್ಲ. ಬಾಳಿಕೆಯ ಪಾಠಕ್ಕೆ ನನ್ನ ನಿರೀಕ್ಷೆ ಎಚ್‌ಎಎಲ್‌ನ 25 ಕಿಲೋನ್ಯೂಟನ್ನಿನ ಎಚ್‌ಟಿಎಫ್‌ಇ-25 ಮತ್ತು 1,200 ಕಿಲೋವಾಟ್ ಹೆಲಿಕಾಪ್ಟರ್ ಎಂಜಿನ್ ಎಚ್‌ಟಿಎಸ್‌ಇ-1200ರ ಮೇಲಿದೆ. ತರಬೇತಿ ವಿಮಾನ ಮತ್ತು ಹೆಲಿಕಾಪ್ಟರುಗಳ ಎಂಜಿನ್ ದಿನಾ ಓಡುತ್ತದೆ, ಗಂಟೆಗಳು ಬೇಗ ಕೂಡುತ್ತವೆ. ಮೊದಲನೆಯದರ ಕೋರ್ ಓಡಿದ್ದು 2015ರಲ್ಲಿ. ಈ ಎರಡನ್ನೂ ನಿಧಾನವಾಗಲು ಬಿಡಬಾರದು.

ಹೊರದೇಶದ ಎಂಜಿನ್ನನ್ನು ಪರವಾನಗಿ ಪಡೆದು ಇಲ್ಲಿ ಕಟ್ಟುವುದರಿಂದ ವಿನ್ಯಾಸ ಕಲಿಯುತ್ತೇವೆ ಎಂಬ ನಂಬಿಕೆಯನ್ನು ಅನುಭವ ಒಪ್ಪುವುದಿಲ್ಲ. ಎಚ್‌ಎಎಲ್ ಆರ್ಫಿಯಸ್, ಅಡೋರ್ ಕಟ್ಟಿತು, ಕೋರಾಪುಟ್‌ನಲ್ಲಿ ಸುಖೋಯ್-30ರ ಎಎಲ್-31ಎಫ್‌ಪಿ ಕಟ್ಟುತ್ತಿದೆ. ನಕ್ಷೆಯಲ್ಲಿ ಆ ಭಾಗದ ಅಳತೆ ಇರುತ್ತದೆ. ಆ ಅಳತೆಗೆ ಮೊದಲು ಯಾವ ಅಳತೆಗಳು ಸೋತವು ಎಂಬುದು ಇರುವುದಿಲ್ಲ. 1961ರಲ್ಲಿ ಹಾರಿದ ಮಾರುತ್ ಯುದ್ಧವಿಮಾನವನ್ನೇ ನೋಡಿ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅದನ್ನು ರೂಪಿಸಿದ್ದು ಹೆಚ್ಚು ಬಲದ ಆರ್ಫಿಯಸ್‌ಗಾಗಿ. ಆ ಎಂಜಿನ್ ಬರಲೇ ಇಲ್ಲ, ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703ರಲ್ಲೇ ಅದು ಸೇವೆ ಮುಗಿಸಿತು. ಪರರ ಎಂಜಿನ್ನಿಗೆ ಕಾಯುವ ಕತೆ ಈಗಲೂ ಇದೆ: ತೇಜಸ್ ಮಾರ್ಕ್-1ಎಗೆ 2021ರಲ್ಲಿ ಕೇಳಿದ ಅಮೆರಿಕದ 99 ಎಫ್404 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಮುಂದಿನ ಪೀಳಿಗೆಯ ಯುದ್ಧವಿಮಾನ ಎಎಂಸಿಎಗಾಗಿ ಫ್ರಾನ್ಸಿನ ಸಫ್ರಾನ್ ಜೊತೆ ಎಂಜಿನ್ ಅಭಿವೃದ್ಧಿ ಮಾಡುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಹೇಳಿದರು. ಅಲ್ಲಿ ತಂತ್ರಜ್ಞಾನ ವರ್ಗಾವಣೆಯ ಶೇಕಡಾವಾರು ಸಂಖ್ಯೆಗಿಂತ ನಾನು ನೋಡುವುದು ಬೇರೆ ನಾಲ್ಕು: ಬಿಸಿ ಭಾಗದ ಲೆಕ್ಕದ ವಿಧಾನ ಯಾರ ಕೈಯಲ್ಲಿ ಉಳಿಯುತ್ತದೆ, ಲೋಹದ ಕ್ರೀಪ್ ಮತ್ತು ದಣಿವಿನ ದತ್ತಾಂಶ ಇಲ್ಲಿಗೆ ಬರುತ್ತದೆಯೇ, ಸೋತ ಪರೀಕ್ಷೆಗಳ ವರದಿ ಕೊಡುತ್ತಾರೆಯೇ, ಎತ್ತರದ ಪರೀಕ್ಷೆ ಭಾರತದ ನೆಲದಲ್ಲಿ ನಡೆಯುತ್ತದೆಯೇ. ಇದರ ಜೊತೆಗೆ ಕಾವೇರಿಯ ಆಫ್ಟರ್‌ಬರ್ನರ್ ಇಲ್ಲದ ರೂಪವನ್ನು ಚಾಲಕರಹಿತ ಯುದ್ಧವಿಮಾನಕ್ಕಾಗಿ ಮುಗಿಸಲೇಬೇಕು. ಸೇವೆಯಲ್ಲಿ ಹಾರಿ ವಾಪಸು ಬಂದ ಎಂಜಿನ್ನನ್ನು ಬಿಚ್ಚಿದಾಗ ಸಿಗುವ ತಿಳಿವಳಿಕೆ ಯಾವ ಒಪ್ಪಂದದಲ್ಲೂ ಸಿಗದು.

ನೀವು ಮೂರನೇ ವರ್ಷದಲ್ಲಿದ್ದೀರಿ. ವಿನ್ಯಾಸದ ಸಾಫ್ಟ್‌ವೇರ್ ಕಲಿತವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೊರತೆ ಇರುವುದು ನಿರ್ವಾತ ಎರಕ, ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನ್ ತಪಾಸಣೆ, ಬಿಸಿ ಭಾಗಕ್ಕೆ ಗೇಜ್ ಅಂಟಿಸುವ ಕೌಶಲ, ರೋಟರ್ ಕಂಪನ, ಮುರಿದ ಭಾಗದ ಒಡಕಿನ ಮೈ ಓದುವ ವಿದ್ಯೆ ಇಂಥವುಗಳಲ್ಲಿ. ಪ್ರಾಜೆಕ್ಟಿಗೆ ಒಂದು ಹಳೆಯ ಟರ್ಬೋಚಾರ್ಜರ್ ತನ್ನಿ. ಅದರ ರೋಟರಿನ ಬ್ಲೇಡ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ ಮೈಕ್ರೊಫೋನಿನಿಂದ ಕಂಪನಾಂಕ ಅಳೆಯಿರಿ. ಒಂದೇ ಅಚ್ಚಿನಿಂದ ಬಂದ ಬ್ಲೇಡ್‌ಗಳಲ್ಲೂ ಶೇ. ಒಂದೆರಡು ವ್ಯತ್ಯಾಸ ಕಾಣಬಹುದು. ಆಮೇಲೆ ಅದೇ ರೋಟರನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಕ್ಯಾಂಪ್‌ಬೆಲ್ ನಕ್ಷೆ ಎಳೆದು, ಅಳತೆಗೂ ಲೆಕ್ಕಕ್ಕೂ ಎಲ್ಲಿ ತಾಳೆ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂದು ಬರೆಯಿರಿ.